ಗುಣವಾಗದ ಕಾಯಿಲೆ, ಮನೆಯಲ್ಲಿ ಮಕ್ಕಳು: ಕ್ರೈಸ್ತ ತಂದೆತಾಯಿಗೆ ಒಂದು ಮಾರ್ಗದರ್ಶಿ

ಅಪ್ಪ ತೀರಿಕೊಂಡಾಗ ನನಗೆ 9 ವರ್ಷ. ಹಿಂದಿನ ಸಂಜೆ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆದಿತ್ತು. ಬಂದವರಲ್ಲಿ ಒಬ್ಬರು ನನ್ನ ತಲೆ ಸವರಿ, "ಮಕ್ಕಳ ಪ್ರಾರ್ಥನೇನ ದೇವರು ತಪ್ಪದೆ ಕೇಳ್ತಾನೆ ಮಗಳೇ. ನೀನು ನಂಬಿ ಪ್ರಾರ್ಥನೆ ಮಾಡು, ಅಪ್ಪ ಎದ್ದು ಓಡಾಡ್ತಾರೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆ ರಾತ್ರಿ ನಾನು ಮಂಚದ ಪಕ್ಕ ಮೊಣಕಾಲೂರಿ ಕೂತೆ. ಬೆಳಗಾಗುವವರೆಗೂ ಪ್ರಾರ್ಥನೆ ನಿಲ್ಲಿಸಬಾರದು ಎಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡಿದ್ದೆ. ಯಾವಾಗಲೋ ನಿದ್ದೆ ಬಂತು. ಎಚ್ಚರವಾದಾಗ ಕೆನ್ನೆಯ ಮೇಲೆ ಹೊದಿಕೆಯ ನೇಯ್ಗೆ ಅಚ್ಚೊತ್ತಿತ್ತು, ಆಚೆ ಕೋಣೆಯಿಂದ ಅಮ್ಮನ ಅಳು ಕೇಳಿಸುತ್ತಿತ್ತು. ನಾನು ನಿದ್ದೆ ಹೋದದ್ದಕ್ಕೇ ಅಪ್ಪ ಸತ್ತರು ಎಂದು ಸುಮಾರು 20 ವರ್ಷ ನಂಬಿಕೊಂಡಿದ್ದೆ. ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಈಗ ನಾನು ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ತಂದೆಯೋ ತಾಯಿಯೋ ಹಾಸಿಗೆ ಹಿಡಿದ ಮನೆಗಳಿಗೆ ಹೋಗಿ ಕೂರುತ್ತೇನೆ. ಇಲ್ಲಿ ಬರೆದಿರುವುದೆಲ್ಲ ಅಂಥ ಮನೆಗಳಲ್ಲಿ ಕಂಡದ್ದು, ಕಲಿತದ್ದು. ನೀವೇ ಆ ಕಾಯಿಲೆಯವರಾಗಿದ್ದರೆ ಎಲ್ಲವನ್ನೂ ಒಂದೇ ಸಲ ಓದಬೇಕಿಲ್ಲ. ಇವತ್ತಿಗೆ ಬೇಕಾದ್ದನ್ನು ಓದಿ, ಉಳಿದದ್ದನ್ನು ಜೊತೆಗಿರುವವರ ಕೈಗೆ ಕೊಡಿ.

1. ಮೊದಲು ವೈದ್ಯರಿಂದ ನೇರ ಉತ್ತರ ಪಡೆಯಿರಿ

ನಿಮಗೇ ಸರಿಯಾಗಿ ಗೊತ್ತಿಲ್ಲದ್ದನ್ನು ಮಗುವಿಗೆ ಹೇಳಲಾಗದು. ಈಗ ಕೊಡುತ್ತಿರುವ ಚಿಕಿತ್ಸೆ ಕಾಯಿಲೆಯನ್ನು ವಾಸಿ ಮಾಡುವುದಕ್ಕೋ, ಸ್ವಲ್ಪ ಕಾಲ ತಡೆದು ಹಿಡಿಯುವುದಕ್ಕೋ, ನೋವು ಕಡಿಮೆ ಮಾಡುವುದಕ್ಕೋ ಎಂದು ಬಾಯಿಬಿಟ್ಟು ಕೇಳಿ. ಮುಂದಿನ ವಾರಗಳಲ್ಲಿ ದೇಹದಲ್ಲಿ ಏನೇನು ಬದಲಾಗಬಹುದು ಎಂದೂ ಕೇಳಿ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂತು ಕೇಳಿಸಿಕೊಂಡರೆ ಮುಂದೆ ಮಕ್ಕಳ ಮುಂದೆ ಒಬ್ಬರೊಂದು, ಇನ್ನೊಬ್ಬರೊಂದು ಹೇಳುವುದು ತಪ್ಪುತ್ತದೆ.

ಉಪಶಾಮಕ ಆರೈಕೆ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್ ಬಗ್ಗೆ ಆಗಲೇ ವಿಚಾರಿಸಿ. ಅದನ್ನು ಕೇಳಿದರೆ ನಂಬಿಕೆ ಬಿಟ್ಟಂತೆ ಎಂದುಕೊಳ್ಳುವ ವಿಶ್ವಾಸಿಗಳು ಬಹಳ ಮಂದಿ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ, ಸಾಯುವವರನ್ನು ನೋಡಿಕೊಳ್ಳುವ ಆರೈಕೆ ಕೇಂದ್ರ ತೆರೆದು ಈ ಆರೈಕೆಗೆ ಇಂದಿನ ರೂಪ ಕೊಟ್ಟ ಸಿಸಿಲಿ ಸಾಂಡರ್ಸ್ ಆಳವಾದ ಕ್ರೈಸ್ತ ನಂಬಿಕೆಯುಳ್ಳ ವೈದ್ಯೆ. ಸಾಯುವವರ ನೋವಿನಲ್ಲಿ ದೇಹದ ಪಾಲು ಒಂದಿದ್ದರೆ ಮನಸ್ಸಿನದು, ಸಂಬಂಧಗಳದು, ಆತ್ಮದ್ದು ಬೇರೆ ಪಾಲುಗಳಿವೆ ಎಂದು ಒತ್ತಿ ಹೇಳಿದವರು ಅವರು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಈ ಆರೈಕೆಯನ್ನು ಶುರುವಿನಲ್ಲೇ ಪಡೆದವರು ಹೆಚ್ಚು ನೆಮ್ಮದಿಯಿಂದಿದ್ದರು, ಇನ್ನಷ್ಟು ಕಾಲ ಬದುಕಿದರು ಕೂಡ. ನೋವಿನ ಮಾತ್ರೆ ನುಂಗುವುದು ಅಪನಂಬಿಕೆಯಲ್ಲ. ನೋವು ತಗ್ಗಿದ ಅರ್ಧ ಗಂಟೆಯಲ್ಲಿ ಮಗು ನಿಮ್ಮ ಪಕ್ಕ ಒರಗಿ ಕೂರಬಹುದು. ಅದಕ್ಕಾಗಿಯಾದರೂ ಮಾತ್ರೆ ತೆಗೆದುಕೊಳ್ಳಿ.

2. ಮಗುವಿಗೆ ನೀವೇ ಹೇಳಿ, ತುಂಡು ತುಂಡಾಗಿ ಹೇಳಿ

ಮಕ್ಕಳಿಗೆ ಗೊತ್ತಾಗದ ಹಾಗೆ ನೋಡಿಕೊಂಡಿದ್ದೇವೆ ಎನ್ನುವ ಮನೆಗಳಲ್ಲಿ ಮಕ್ಕಳಿಗೆ ಗೊತ್ತಿರುತ್ತದೆ. ಬಾಗಿಲು ಹಾಕಿಕೊಂಡು ಮಾಡುವ ಫೋನು, ತಾನು ಬಂದ ಕೂಡಲೇ ನಿಲ್ಲುವ ಮಾತು, ಅಜ್ಜಿಯ ಕೆಂಪು ಕಣ್ಣು, ಎಲ್ಲವೂ ಅವುಗಳಿಗೆ ಅರ್ಥವಾಗುತ್ತದೆ. ಗೊತ್ತಿಲ್ಲದಿರುವುದು ಒಂದೇ, ಇದನ್ನು ಯಾರ ಹತ್ತಿರ ಕೇಳಬಹುದು ಎಂಬುದು. ನೀವು ಹೇಳಿದರೆ ಮಗು ನಿಮ್ಮನ್ನು ಕೇಳುತ್ತದೆ. ಹೇಳದೆ ಹೋದರೆ ತನ್ನೊಳಗೇ ಕಥೆ ಕಟ್ಟಿಕೊಳ್ಳುತ್ತದೆ, ಆ ಕಥೆ ನಿಜಕ್ಕಿಂತ ಭಯಂಕರವಾಗಿರುತ್ತದೆ.

ಮಲಗುವ ಹೊತ್ತಿನಲ್ಲಿ ಹೇಳಬೇಡಿ. ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲೂ ಬೇಡ. ಮುಂದೆ ಒಂದೆರಡು ಗಂಟೆ ನೀವು ಜೊತೆಗಿರಬಹುದಾದ ಸಮಯ ಆರಿಸಿಕೊಳ್ಳಿ. ಕಾಯಿಲೆಯ ಹೆಸರು ಹೇಳಿ. "ಹುಷಾರಿಲ್ಲ" ಎಂದಷ್ಟೇ ಅಂದರೆ, ನಾಳೆ ಮಗುವಿಗೆ ನೆಗಡಿಯಾದಾಗ ತಾನೂ ಸಾಯುತ್ತೇನೆ ಎಂದು ಹೆದರೀತು. ಮಾತು ಹೀಗಿರಬಹುದು:

"ಕಂದ, ಅಮ್ಮನಿಗೆ ಕ್ಯಾನ್ಸರ್ ಅನ್ನೋ ಕಾಯಿಲೆ ಇದೆ. ಡಾಕ್ಟರು ತುಂಬ ಪ್ರಯತ್ನ ಮಾಡಿದ್ರು. ಔಷಧಿಯಿಂದ ಇನ್ನು ಇದು ವಾಸಿ ಆಗಲ್ಲ ಅಂತ ಹೇಳಿದಾರೆ. ಅಂದ್ರೆ ಅಮ್ಮ ಸಾಯ್ತೀನಿ. ಇವತ್ತಲ್ಲ. ಯಾವತ್ತು ಅಂತ ನಂಗೆ ಗೊತ್ತಿಲ್ಲ. ಏನೇ ಬದಲಾದ್ರೂ ನಿಂಗೆ ಹೇಳ್ತೀನಿ."

ಅಷ್ಟು ಸಾಕು. "ಸಾಯ್ತೀನಿ" ಎಂಬ ಪದ ಬಾಯಿಂದ ಬರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಬೇಕಾದರೆ ಒಬ್ಬರೇ ಇದ್ದಾಗ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿ. ಹೇಳುವಾಗ ಅಳು ಬಂದರೆ ಅಳಿ. ಲಾಜರನನ್ನು ಇನ್ನೇನು ಎಬ್ಬಿಸಲಿದ್ದೇನೆ ಎಂದು ಗೊತ್ತಿದ್ದೂ ಯೇಸುಸ್ವಾಮಿ ಅವನ ಸಮಾಧಿಯ ಹಾದಿಯಲ್ಲಿ ಕಣ್ಣೀರು ಬಿಟ್ಟರು (ಯೋಹಾನ 11:35).

ಕೇಳಲಿ, ಕೇಳದಿರಲಿ, ಮೂರು ಪ್ರಶ್ನೆಗಳಿಗೆ ನೀವಾಗಿಯೇ ಉತ್ತರ ಕೊಡಿ. ಇದು ನನ್ನಿಂದ ಆಯಿತಾ? ನನಗೂ ಅಂಟುತ್ತದಾ? ನನ್ನನ್ನು ಯಾರು ನೋಡಿಕೊಳ್ಳುತ್ತಾರೆ? ಹೆಚ್ಚುಕಡಿಮೆ ಎಲ್ಲ ಮಕ್ಕಳ ಮನಸ್ಸಿನಲ್ಲೂ ಈ ಮೂರು ಇರುತ್ತವೆ. ಅದರಲ್ಲೂ ಮೊದಲನೆಯದು. ಯಾವತ್ತೋ ಜಗಳವಾಡಿ "ಹೋಗಮ್ಮ ನೀನು" ಅಂದದ್ದೇ ಕಾರಣ ಎಂದು ನಂಬಿದ 6 ವರ್ಷದ ಹುಡುಗನನ್ನು ನಾನು ನೋಡಿದ್ದೇನೆ.

ಐದು ವರ್ಷದೊಳಗಿನ ಮಗುವಿಗೆ ಸಾವು ಅಂದರೆ ಮರಳಿ ಬರದ ಸಂಗತಿ ಎಂಬುದು ತಿಳಿಯುವುದಿಲ್ಲ. ನಿನ್ನೆ ಹೇಳಿದ್ದನ್ನೇ ಇವತ್ತು ಮತ್ತೆ ಕೇಳುತ್ತದೆ, ನೀವು ಅದೇ ಮಾತಿನಲ್ಲಿ ಮತ್ತೆ ಹೇಳಬೇಕು. ಐದಾರು ದಾಟಿದವರು ದೇಹದ ವಿವರ ಕೇಳುತ್ತಾರೆ, ಉಸಿರು ಏಕೆ ನಿಲ್ಲುತ್ತದೆ, ಪೆಟ್ಟಿಗೆಯೊಳಗೆ ಚಳಿಯಾಗುವುದಿಲ್ಲವೇ ಎಂದೆಲ್ಲ. ಗದರಿಸಬೇಡಿ. ಒಂಬತ್ತು ಹತ್ತರ ಹೊತ್ತಿಗೆ ದೊಡ್ಡವರಷ್ಟೇ ಅರ್ಥವಾಗುತ್ತದೆ. ಹದಿಹರೆಯದವರು ಕೋಣೆ ಸೇರಿಕೊಳ್ಳಬಹುದು ಅಥವಾ ಗೆಳೆಯರ ಜೊತೆ ಹೆಚ್ಚು ಹೊತ್ತು ಕಳೆಯಬಹುದು. ಅದನ್ನು ನಿಮ್ಮ ಮೇಲೆ ಪ್ರೀತಿಯಿಲ್ಲ ಎಂದು ಓದಬೇಡಿ. ಸಣ್ಣ ಮಗು ಸುದ್ದಿ ಕೇಳಿದ ಐದೇ ನಿಮಿಷಕ್ಕೆ "ಆಟಕ್ಕೆ ಹೋಗ್ಲಾ?" ಎಂದರೆ ಕಳಿಸಿ. ಮಕ್ಕಳು ದುಃಖವನ್ನು ಗುಟುಕು ಗುಟುಕಾಗಿಯೇ ಕುಡಿಯುವುದು.

ಕ್ರೈಸ್ತರಾದ ನಮ್ಮ ಬಾಯಿಗೆ ಸುಲಭವಾಗಿ ಬರುವ ಕೆಲವು ಮಾತುಗಳನ್ನು ಮಕ್ಕಳ ಮುಂದೆ ಬಿಟ್ಟುಬಿಡಿ. "ಕರ್ತನಲ್ಲಿ ನಿದ್ರೆ ಹೋದರು" ಎನ್ನುವುದು ವೇದದ ಭಾಷೆಯೇ, ಆದರೆ 4 ವರ್ಷದ ಮಗು ಆ ರಾತ್ರಿಯಿಂದ ಮಲಗಲು ಹೆದರುತ್ತದೆ. "ದೇವರಿಗೆ ಒಳ್ಳೆಯವರು ಬೇಕಿತ್ತು, ಅದಕ್ಕೆ ಕರೆದುಕೊಂಡ" ಎಂದರೆ ಅಮ್ಮನನ್ನು ಕಿತ್ತುಕೊಂಡವನು ದೇವರು ಎಂದಾಗುತ್ತದೆ. ಒಳ್ಳೆಯವರಾಗಿರುವುದೂ ಅಪಾಯ ಎಂದಾಗುತ್ತದೆ. ಸಾವನ್ನು ಪೌಲನು ಕಡೆಯ ಶತ್ರು ಎಂದು ಕರೆಯುತ್ತಾನೆ (1 ಕೊರಿಂಥ 15:26). ಮಗುವಿಗೂ ಹಾಗೇ ಹೇಳಬಹುದು. ಸಾವು ಕೆಟ್ಟದ್ದೇ, ಯೇಸುಸ್ವಾಮಿಗೂ ಅದು ಇಷ್ಟವಿಲ್ಲ, ಅದನ್ನು ಅವರು ಜಯಿಸಿದ್ದಾರೆ, ಅದಕ್ಕೇ ನಾವು ಮತ್ತೆ ನೋಡುತ್ತೇವೆ ಎಂದು ನಂಬಿದ್ದೇವೆ.

3. ಮಗುವಿನ ಪ್ರಾರ್ಥನೆಗೆ ನಿಮ್ಮ ಪ್ರಾಣವನ್ನು ಕಟ್ಟಬೇಡಿ

ಈ ಲೇಖನ ಬರೆಯಲು ಕೂತದ್ದೇ ಈ ಒಂದು ಹೆಜ್ಜೆಗಾಗಿ.

ಗುಣಕ್ಕಾಗಿ ಪ್ರಾರ್ಥಿಸಿ. ಸಭೆಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿಕೊಂಡು ಪ್ರಾರ್ಥನೆ ಮಾಡಿಸಿಕೊಳ್ಳಿ ಎಂದು ಯಾಕೋಬನ ಪತ್ರಿಕೆಯೇ ಹೇಳುತ್ತದೆ (5:14). ಮಗುವೂ ಆ ಪ್ರಾರ್ಥನೆಯಲ್ಲಿ ಇರಲಿ. ಆದರೆ "ನೀನು ನಂಬಿದರೆ ಅಪ್ಪ ಬದುಕುತ್ತಾರೆ" ಎಂಬ ಮಾತು ಮಗುವಿನ ಕಿವಿಗೆ ಬೀಳಬಾರದು. ನೀವೂ ಹೇಳಬೇಡಿ, ಹೇಳುವವರನ್ನು ಬಾಗಿಲಲ್ಲೇ ತಡೆಯಿರಿ. ಬದುಕದೆ ಹೋದರೆ ಮಗು ಎರಡರಲ್ಲಿ ಒಂದಕ್ಕೆ ಬರುತ್ತದೆ. ದೇವರು ಸುಳ್ಳು, ಇಲ್ಲವೇ ತಪ್ಪು ನನ್ನದು. ನಾನು ಎರಡನೆಯದಕ್ಕೆ ಬಂದೆ.

ಮಗುವಿಗೆ ಶಿಲುಬೆಯ ಹಿಂದಿನ ರಾತ್ರಿಯನ್ನು, ಗೆತ್ಸೇಮನೆ ತೋಟದ ರಾತ್ರಿಯನ್ನು ಹೇಳಿಕೊಡಿ. ಸಾಧ್ಯವಾದರೆ ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಎಂದು ಯೇಸುಸ್ವಾಮಿ ಬೇಡಿಕೊಂಡರು. ಅದು ಬಿಟ್ಟುಹೋಗಲಿಲ್ಲ. ದೇವರ ಮಗನೇ ಕೇಳಿದರೂ ಸಿಗದ ಉತ್ತರ ಅದು. ಪೌಲನು ತನ್ನ ಶರೀರದ ಮುಳ್ಳು ಹೋಗಲಿ ಎಂದು ಮೂರು ಸಲ ಬೇಡಿದನು. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು (2 ಕೊರಿಂಥ 12). ಇವರಿಬ್ಬರಲ್ಲಿ ಯಾರ ನಂಬಿಕೆ ಕಡಿಮೆಯಾಗಿತ್ತು?

ಆ ತೋಟದಲ್ಲಿ ಶಿಷ್ಯರು ನಿದ್ದೆ ಹೋಗಿದ್ದರು ಎಂಬುದನ್ನು ನಾನು ಎಷ್ಟೋ ಸಲ ಓದಿದ್ದೆ. ನನಗೆ 29 ವರ್ಷವಾದಾಗ, ಮಕ್ಕಳಿಗೆ ಅದೇ ಪಾಠ ಮಾಡುತ್ತಿದ್ದ ಒಂದು ಬೆಳಿಗ್ಗೆ, ಮೊದಲ ಸಲ ಓದಿದ ಹಾಗಾಯಿತು. ಎಚ್ಚರವಾಗಿರಿ ಎಂದರೂ ಅವರಿಗೆ ಆಗಲಿಲ್ಲ. ಮನಸ್ಸು ಸಿದ್ಧವಿದೆ, ದೇಹಕ್ಕೆ ಬಲ ಸಾಲದು ಎಂದು ಯೇಸುಸ್ವಾಮಿ ಅವರ ಪರವಾಗಿ ತಾವೇ ಹೇಳಿದರು. ಶಿಲುಬೆಗೆ ಕಾರಣ ಇವರ ನಿದ್ದೆ ಎಂದು ಸುವಾರ್ತೆಯಲ್ಲಿ ಎಲ್ಲೂ ಇಲ್ಲ. ಪಾಠ ಅರ್ಧಕ್ಕೇ ನಿಂತಿತು. ಮಕ್ಕಳು ನನ್ನ ಮುಖ ನೋಡುತ್ತಿದ್ದರು.

ಹಾಗಾದರೆ ಮಗುವಿನ ಜೊತೆ ಪ್ರಾರ್ಥನೆ ಹೇಗೆ? ಮೂರು ಮಾತು ಸಾಕು: "ಕರ್ತನೇ, ಅಪ್ಪನನ್ನ ವಾಸಿ ಮಾಡು ಅಂತ ನಮಗೆ ಆಸೆ. ಇವತ್ತು ಅಪ್ಪನಿಗೆ ನೋವು ಕಡಿಮೆ ಇರಲಿ. ಏನೇ ಆದ್ರೂ ನಮ್ಮ ಕೈ ಬಿಡಬೇಡ." ಕೊನೆಯಲ್ಲಿ ಮಗುವಿನ ಮುಖ ಹಿಡಿದು ಬಿಡಿಸಿ ಹೇಳಿ: ಅಪ್ಪ ಬದುಕೋದು ನಿನ್ನ ಪ್ರಾರ್ಥನೆ ಮೇಲೆ ನಿಂತಿಲ್ಲ. ನೀನು ಮರೆತರೂ, ನಿದ್ದೆ ಬಂದರೂ, ಸಿಟ್ಟು ಬಂದು ಪ್ರಾರ್ಥನೆಯೇ ಮಾಡದಿದ್ದರೂ ತಪ್ಪು ನಿನ್ನದಲ್ಲ. ಒಮ್ಮೆ ಹೇಳಿದರೆ ಸಾಲದು, ಮತ್ತೆ ಮತ್ತೆ ಹೇಳಿ.

ಪಾಪದ ಫಲ ಎನ್ನುವವರೂ ಬರುತ್ತಾರೆ. ಹುಟ್ಟು ಕುರುಡನನ್ನು ಕಂಡು ಯಾರ ಪಾಪದಿಂದ ಹೀಗಾಯಿತು ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದದ್ದು ಯೇಸುಸ್ವಾಮಿಯೇ (ಯೋಹಾನ 9). ಭೇಟಿಗೆ ಬರುವವರನ್ನು ನಿಭಾಯಿಸಲು ಸಭೆಯ ಒಬ್ಬ ಗಟ್ಟಿ ಮನುಷ್ಯರನ್ನು ಗೊತ್ತುಮಾಡಿ. ಯಾರು ಬರಬೇಕು, ಎಷ್ಟು ಹೊತ್ತು, ಮಕ್ಕಳ ಮುಂದೆ ಏನು ಆಡಬಾರದು ಎಂಬುದನ್ನು ಅವರೇ ನೋಡಿಕೊಳ್ಳಲಿ. ನಿಮ್ಮ ಶಕ್ತಿ ಅದಕ್ಕೆ ಖರ್ಚಾಗಬಾರದು.

4. ದೇವರ ಮೇಲಿನ ಸಿಟ್ಟಿಗೆ ಜಾಗ ಬಿಡಿ

"ನಂಗೆ ದೇವರು ಬೇಡ" ಎಂದು ಮಗು ಕಿರುಚಿದರೆ ಹೆದರಬೇಡಿ. ಬಾಯಿ ಮುಚ್ಚಿಸಲೂ ಬೇಡಿ. ಕೀರ್ತನೆಗಳ ಪುಸ್ತಕ ತೆರೆದು 13ನೆಯದನ್ನು ಜೊತೆಯಲ್ಲೇ ಓದಿ. ಎಷ್ಟರವರೆಗೆ ನನ್ನನ್ನು ಮರೆತಿರುವೆ ಎಂದು ಅದು ಶುರುವಾಗುತ್ತದೆ. 88ನೆಯದಂತೂ ಕತ್ತಲಿನಲ್ಲೇ ಮುಗಿಯುತ್ತದೆ, ಒಂದು ಸಮಾಧಾನದ ಸಾಲೂ ಕೊನೆಯಲ್ಲಿಲ್ಲ. ಅದನ್ನು ವೇದದಿಂದ ಯಾರೂ ತೆಗೆದುಹಾಕಲಿಲ್ಲ. ದೊಡ್ಡ ಮಕ್ಕಳಿಗೆ ಒಂದು ಪುಸ್ತಕ ಕೊಟ್ಟು, ದೇವರಿಗೆ ಏನು ಹೇಳಬೇಕೋ ಬರಿ, ನಾನು ಓದುವುದಿಲ್ಲ ಎಂದು ಹೇಳಿ. ಮಾತಿಗೆ ತಪ್ಪಬೇಡಿ.

5. ಮನೆಯ ನಿಯಮ ಹಾಗೇ ಇರಲಿ

ಸಾಯುತ್ತಿದ್ದೇನೆ ಎಂಬ ಅಳಲಿನಲ್ಲಿ ಕೇಳಿದ್ದೆಲ್ಲ ಕೊಡಿಸುವುದು, ತಪ್ಪು ಮಾಡಿದರೂ ಸುಮ್ಮನಿರುವುದು ಸಹಜ. ಆದರೆ ಮಲಗುವ ಹೊತ್ತು, ಓದುವ ಹೊತ್ತು, ಕುಟುಂಬ ಪ್ರಾರ್ಥನೆಯ ಹೊತ್ತು ನಿನ್ನೆಯ ಹಾಗೇ ನಡೆದರೆ ಮಗುವಿಗೆ ಕಾಲ ಕೆಳಗೆ ನೆಲ ಇದೆ ಅನಿಸುತ್ತದೆ. ಕುಟುಂಬ ಪ್ರಾರ್ಥನೆ ಐದು ನಿಮಿಷಕ್ಕೆ ಇಳಿದರೆ ತೊಂದರೆಯಿಲ್ಲ. ಕ್ಲಾಸ್ ಟೀಚರಿಗೆ ವಿಷಯ ತಿಳಿಸಿಡಿ.

ದೊಡ್ಡ ಮಗಳಿಗೆ "ಇನ್ನು ನೀನೇ ತಮ್ಮನಿಗೆ ಅಮ್ಮ" ಎಂದು ಯಾರೂ ಹೇಳಕೂಡದು. ನೀರು ತಂದುಕೊಡಲಿ, ದಿಂಬು ಸರಿಮಾಡಲಿ. ಅಂಥ ಸಣ್ಣ ಕೆಲಸ ಮಾಡುವುದು ಮಕ್ಕಳಿಗೂ ಸಮಾಧಾನ. ಔಷಧಿಯ ಲೆಕ್ಕ, ರಾತ್ರಿ ಪಾಳಿ, ಮನೆಯ ಹಣದ ಚಿಂತೆ ಮಾತ್ರ ಅವರದಲ್ಲ.

6. ಯಾರ ಕೈಗೆ ಒಪ್ಪಿಸುತ್ತೀರಿ?

ಮರಣದ ಸಮೀಪದಲ್ಲಿದ್ದ ಹಿಜ್ಕೀಯನಿಗೆ ಯೆಶಾಯನ ಮೂಲಕ ಬಂದ ಮಾತು ನಿನ್ನ ಮನೆಯ ವ್ಯವಸ್ಥೆ ಮಾಡು ಎಂಬುದು (ಯೆಶಾಯ 38:1). ಅವನಿಗೆ ಮುಂದೆ 15 ವರ್ಷ ಆಯುಷ್ಯ ಸಿಕ್ಕಿತು ನಿಜ. ವ್ಯವಸ್ಥೆ ಮಾಡಿಟ್ಟವರಿಗೆ ಆಯುಷ್ಯ ಸಿಕ್ಕರೆ ನಷ್ಟವೇನೂ ಇಲ್ಲ.

ವಿಲ್ ಬರೆಸಿ. ಮಕ್ಕಳನ್ನು ಒಬ್ಬರೇ ಸಾಕುತ್ತಿರುವವರಾಗಿದ್ದರೆ ಪೋಷಕರು ಯಾರಾಗಬೇಕು ಎಂಬುದನ್ನು ವಕೀಲರ ಮೂಲಕ ಕಾಗದಕ್ಕೆ ತನ್ನಿ. ಬಾಯಿಮಾತಿನ ಒಪ್ಪಿಗೆ ಕಾನೂನಿನ ಮುಂದೆ ನಿಲ್ಲದೆ ಹೋಗಬಹುದು, ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಬ್ಯಾಂಕ್, ವಿಮೆ, ಮಕ್ಕಳ ಜನನ ಪತ್ರ, ದೀಕ್ಷಾಸ್ನಾನದ ಪತ್ರ, ಪಾಸ್‌ವರ್ಡ್‌ಗಳು ಒಂದೇ ಕಡೆ ಇರಲಿ, ಎಲ್ಲಿವೆ ಎಂದು ಇಬ್ಬರಿಗಾದರೂ ಗೊತ್ತಿರಲಿ.

ಪೋಷಕರನ್ನು ಆರಿಸುವಾಗ ಅವರ ಭಕ್ತಿಯನ್ನು ಮಾತ್ರ ನೋಡಬೇಡಿ. ಮಗು ಅವರ ಮನೆಯಲ್ಲಿ ಜೋರಾಗಿ ನಗುತ್ತದೆಯೇ, ತಪ್ಪು ಮಾಡಿದಾಗ ಹೆದರದೆ ಒಪ್ಪಿಕೊಳ್ಳುತ್ತದೆಯೇ ಎಂದು ನೋಡಿ. ನಿರ್ಧಾರವಾದ ಮೇಲೆ ಮಗುವಿಗೆ ಹೆಸರು ಹಿಡಿದು ಹೇಳಿ. ಶಿಲುಬೆಯ ಮೇಲಿನಿಂದಲೇ ಯೇಸುಸ್ವಾಮಿ ತಮ್ಮ ತಾಯಿಯನ್ನು ಪ್ರಿಯ ಶಿಷ್ಯನಿಗೆ, ಶಿಷ್ಯನನ್ನು ತಾಯಿಗೆ ಒಪ್ಪಿಸಿದರು (ಯೋಹಾನ 19:26-27). ದೇವರು ನೋಡಿಕೊಳ್ಳುತ್ತಾನೆ ಎಂದು ಬಿಟ್ಟುಬಿಡದೆ ಇಂಥವರ ಮನೆ ಎಂದು ತೋರಿಸಿದರು. ಬದುಕಿ ಉಳಿಯುವ ಗಂಡನಿಗೋ ಹೆಂಡತಿಗೋ ಮುಂದೆ ಮದುವೆಯಾದರೆ ನನ್ನ ಅಭ್ಯಂತರವಿಲ್ಲ ಎಂದು ನಿಮಗೆ ನಿಜವಾಗಿ ಅನಿಸಿದರೆ, ಅದನ್ನೂ ಒಂದು ಸಾಲು ಬರೆದಿಡಿ. ಮಕ್ಕಳು ಮುಂದೊಂದು ದಿನ ಆ ಸಾಲನ್ನು ಹುಡುಕುತ್ತಾರೆ.

7. ಬಿಟ್ಟುಹೋಗುವುದು ಚಿಕ್ಕದಿರಲಿ, ನಿಮ್ಮದೇ ಇರಲಿ

ಪ್ರತಿ ಹುಟ್ಟುಹಬ್ಬಕ್ಕೆ, ಮದುವೆಗೆ, ಮೊದಲ ಕೆಲಸಕ್ಕೆ ಎಂದು 30 ಪತ್ರಗಳ ಪಟ್ಟಿ ಮಾಡಿಕೊಂಡು, ಎರಡನ್ನು ಮುಗಿಸುವಷ್ಟರಲ್ಲಿ ಕೈ ಸೋತು, ಉಳಿದದ್ದಕ್ಕಾಗಿ ಕೊರಗಿದವರನ್ನು ಕಂಡಿದ್ದೇನೆ. ಒಂದೊಂದು ಮಗುವಿಗೆ ಒಂದೊಂದು ಪತ್ರ ಸಾಕು. ಆ ಮಗುವಿನಲ್ಲಿ ಮಾತ್ರ ಇರುವ ಯಾವುದೋ ಒಂದನ್ನು ನೀವು ಗಮನಿಸಿದ್ದೀರಿ ಎಂಬುದು ಅದರಲ್ಲಿರಲಿ. ಯಾಕೋಬನು ಸಾಯುವ ಮುಂಚೆ ಮಕ್ಕಳನ್ನು ಒಟ್ಟಿಗೆ ಕರೆಸಿದರೂ, ಒಬ್ಬೊಬ್ಬನಿಗೆ ಬೇರೆ ಬೇರೆ ಮಾತನ್ನೇ ಆಡಿದನು (ಆದಿಕಾಂಡ 49).

ಪತ್ರದಲ್ಲಿ ಮಾತು ತೆಗೆದುಕೊಳ್ಳಬೇಡಿ. "ಡಾಕ್ಟರಾಗಬೇಕು", "ಅಪ್ಪನನ್ನ ಬಿಟ್ಟು ದೂರ ಹೋಗಬೇಡ", "ಒಂದು ಭಾನುವಾರವೂ ಆರಾಧನೆ ತಪ್ಪಿಸಬೇಡ" ಎಂದು ಬರೆದರೆ, ಮರಳಿ ಕೇಳಿ ಬಿಡಿಸಿಕೊಳ್ಳಲಾಗದ ಗಂಟು ಅದು. ನಿಮ್ಮ ನಂಬಿಕೆಯನ್ನು ಬರೆಯಿರಿ, ಸಂಶಯ ಬಂದ ದಿನಗಳನ್ನೂ ಬರೆಯಿರಿ.

ಧ್ವನಿ ಇದ್ದರೆ ಇನ್ನೂ ಒಳ್ಳೆಯದು. ನನ್ನ ಗೆಳತಿಯೊಬ್ಬಳು ಮಗಳಿಗಾಗಿ ಫೋನಿನಲ್ಲಿ 23ನೇ ಕೀರ್ತನೆ ಓದಿಟ್ಟಳು. ನಡುವೆ ಕೆಮ್ಮು ಬಂತು. "ತಡಿ ಪುಟ್ಟಿ, ನೀರು ಕುಡೀತೀನಿ" ಎಂದಳು. ಲೋಟ ಇಡುವ ಸದ್ದು, ಮತ್ತೆ ಓದು. ಅದನ್ನು ಅಳಿಸಿ ಸರಿಯಾಗಿ ಮಾಡಬೇಕು ಎಂದಿದ್ದಳು, ಆಗಲಿಲ್ಲ. ಆ ಹುಡುಗಿಗೆ ಈಗ 12 ವರ್ಷ. ಕೀರ್ತನೆ ಅವಳಿಗೆ ಬಾಯಿಪಾಠ, ಅದನ್ನು ಓಡಿಸಿ ನೇರ ಆ ಲೋಟದ ಸದ್ದಿಗೇ ಹೋಗುತ್ತಾಳೆ. ರೆಕಾರ್ಡಿಂಗ್ ಚೆನ್ನಾಗಿ ಬರಲಿಲ್ಲ ಎಂದು ಅಳಿಸಬೇಡಿ. ಎರಡು ಮೂರು ಕಡೆ ಉಳಿಸಿಡಿ.

8. ಕೊನೆಯ ದಿನಗಳು

ಕೋಣೆಗೆ ಬರುವ ಮುಂಚೆ ಮಗುವಿಗೆ ಏನು ಕಾಣುತ್ತದೆ ಎಂದು ಹೇಳಿ ಕರೆತನ್ನಿ. ಅಮ್ಮ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಾಳೆ, ಕೈಕಾಲು ತಣ್ಣಗಿರಬಹುದು, ಉಸಿರು ನಿಂತು ನಿಂತು ಬರಬಹುದು, ಗಂಟಲಲ್ಲಿ ಗೊರಗೊರ ಸದ್ದು ಇರಬಹುದು. ಆ ಸದ್ದು ಕೇಳುವವರಿಗೆ ಕಷ್ಟ, ಸಾಮಾನ್ಯವಾಗಿ ಅವಳಿಗೆ ಅದರ ನೋವಿರುವುದಿಲ್ಲ. ಮಾತಾಡದಿದ್ದರೂ ಕಿವಿ ಕೇಳುತ್ತಿರಬಹುದು, ಆದ್ದರಿಂದ ಮಗು ಮಾತಾಡಲಿ. ಬೇಡ ಎಂದರೆ ಬಲವಂತ ಬೇಡ, ಬಾಗಿಲಲ್ಲಿ ನಿಂತು ಕೈ ಬೀಸಿದರೂ ಆಯಿತು.

ಇನ್ನೂ ಎಚ್ಚರವಿರುವಾಗಲೇ ಮಗುವಿನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ. ಏನು ಹೇಳಬೇಕೆಂದು ತೋಚದಿದ್ದರೆ ಅರಣ್ಯಕಾಂಡ 6ರಲ್ಲಿ ಆರೋನನಿಗೆ ಕೊಟ್ಟ ಆಶೀರ್ವಾದದ ಮಾತುಗಳಿವೆ, ಕೇವಲ ಮೂರು ವಚನ. ಕೈ ಎತ್ತಲಾಗದಿದ್ದರೆ ಇನ್ನೊಬ್ಬರು ನಿಮ್ಮ ಕೈಯನ್ನು ಎತ್ತಿ ಇಡಲಿ.

ಮಣ್ಣಿಗೆ ಮಗುವನ್ನು ಕರೆದೊಯ್ಯಬೇಕೇ ಎಂದು ಕೇಳುತ್ತಾರೆ. ಅಲ್ಲಿ ಏನೇನು ನಡೆಯುತ್ತದೆ ಎಂದು ವಿವರಿಸಿ, ಮಗುವನ್ನೇ ಕೇಳಿ. ಬರುವುದಾದರೆ ಅದರ ಜೊತೆಗೇ ಇದ್ದು, ಸಾಕು ಎಂದಾಗ ಹೊರಗೆ ಕರೆದುಕೊಂಡು ಹೋಗುವ ಒಬ್ಬರನ್ನು ನೇಮಿಸಿ. ಅವರು ತಮ್ಮದೇ ದುಃಖದಲ್ಲಿ ಮುಳುಗಿರುವವರಾಗಿರಬಾರದು.

ಇನ್ನೊಂದು, ರಾತ್ರಿಯ ಬಗ್ಗೆ. ಅಮ್ಮ ರಾತ್ರಿ ಹೊತ್ತು ತೀರಿಕೊಂಡರೆ ನಿನ್ನನ್ನು ಎಬ್ಬಿಸಲೋ, ಬೆಳಿಗ್ಗೆ ಹೇಳಲೋ ಎಂದು ಮಗುವನ್ನು ಮುಂಚಿತವಾಗಿಯೇ ಕೇಳಿಟ್ಟುಕೊಳ್ಳಿ. ಹೇಳಿದ ಹಾಗೇ ಮಾಡಿ. ಎಬ್ಬಿಸುವುದು ಯಾರು ಎಂದೂ ಗೊತ್ತುಮಾಡಿಡಿ, ಅಳುವಿನ ಸದ್ದಿಗೆ ಮಗು ತಾನಾಗಿ ಏಳುವಂತಾಗಬಾರದು. ಆ ದಿನಗಳಲ್ಲಿ ಮಗು ಪ್ರಾರ್ಥನೆ ಮಾಡುತ್ತ ಮಂಚದ ಪಕ್ಕದಲ್ಲೇ ನಿದ್ದೆ ಹೋಗಿದ್ದರೆ, ಎತ್ತಿ ಹಾಸಿಗೆಯಲ್ಲಿ ಮಲಗಿಸಿ, ಹೊದಿಸಿ. ಎದ್ದ ಮೇಲೆ ಮೊದಲು ಅದಕ್ಕೆ ಹೇಳಬೇಕಾದದ್ದು, ನಿದ್ದೆ ಬಂದದ್ದು ಒಳ್ಳೆಯದೇ ಆಯಿತು ಎಂದು.